ಡಾಂಬರು ಮೆಟ್ಟದ ಕಂಡಕ್ಟರು

ಅವರು ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಮನೆಯ ಮುಂದಿನ ಕಂಬಕ್ಕೆ ಎಡಭುಜ ಒರಗಿಸಿ, ಕಾಲುಗಳನ್ನು ಸ್ವಲ್ಪ ಅಗಲಿಸಿ, ನೆಲ ಈಗಲೋ ಆಗಲೋ ಅಲುಗಾಡುತ್ತದೆ ಎಂಬ ಅನುಮಾನದಲ್ಲಿ ನಿಂತಿರುತ್ತಿದ್ದರು. ಬದುಕಿನ ಬಹುಪಾಲು ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯ. ಪೇಪರು ಓದುವುದು ಹಾಗೆಯೇ, ಕಾಫಿ ಕುಡಿಯುವುದು ಹಾಗೆಯೇ, ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ವಿಚಾರಿಸುವುದೂ ಹಾಗೆಯೇ. ಹೋದ ತಿಂಗಳು ಅದೇ ಜಗಲಿಯ ಮೇಲೆ ಅವರನ್ನು ಮಲಗಿಸಿ ಹೂವು ಹಾಕಿದ್ದರು. ನಾನೂ ಹೋಗಿ ನೋಡಿದೆ. ಮುಖ ಶಾಂತವಾಗಿತ್ತು, ಬಣ್ಣ ಹಚ್ಚಿದ ಮೀಸೆ ಎಂದಿನಂತೆ ಕಪ್ಪಗಿತ್ತು. ಆದರೆ ಮಲಗಿದ ಭಂಗಿ ಅವರದಲ್ಲ ಎನಿಸಿ, ಅಲ್ಲಿರಲಾಗದೆ ಮನೆಗೆ ಬಂದುಬಿಟ್ಟೆ. ಅವರನ್ನು ಇನ್ನೊಂದು ಸಲ ಎದ್ದು ನಿಲ್ಲಿಸಿ ನೋಡುವ ಆಸೆಗೆ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬೇಡ. ಗೌರಿಬಿದನೂರಿನ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಕಂಡಕ್ಟ್ರು ಎಂದರೆ ಅವರೇ. ನಾನು ಎದುರು ಮನೆಯವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ, ಕುರ್ಚಿಗೆ ಅಂಟಿಕೊಂಡ ದೇಹ, ಮೂಗಿನ ತುದಿಯಲ್ಲಿ ಕೋಪ. ನಲವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೆಯಿರಿ ಎಂದರು. ನಡೆಯುವುದೆಂದರೆ ನನಗೆ ಮೊದಲಿಂದಲೂ ಆಗದು. ಡಾಕ್ಟರನ್ನು ಬೈದುಕೊಂಡು ಗೇಟು ತೆಗೆಯುತ್ತಿದ್ದಾಗ ಎದುರಿನ ಕಂಬದಿಂದ ಮಾತು ಬಂತು.

"ಏನಮ್ಮ, ಡಾಕ್ಟ್ರು ನಡಿ ಅಂದ್ರಾ? ಜನವರೀಲಿ ನಮ್ ಜೊತೆ ಬಾ. ಮೂರ್ ದಿನ ನಡ್ಸ್ತೀನಿ. ಆಮೇಲೆ ಡಾಕ್ಟ್ರೇ ನಿನ್ನ ಕಂಡ್ರೆ ಎದ್ದು ನಿಲ್ತಾರೆ."

ಅವರು ಆಗಷ್ಟೇ ನಿವೃತ್ತರಾಗಿದ್ದರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತೇನೋ. ಚಿಂತಾಮಣಿಯಲ್ಲಿ ಕೆಲಸಕ್ಕೆ ಸೇರಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲ ಸುತ್ತಿ, ಕೊನೆಯ ವರ್ಷಗಳನ್ನು ನಮ್ಮೂರ ರೂಟಿನಲ್ಲಿ ಕಳೆದವರು. ನಿವೃತ್ತಿಯ ಮಾರನೆಯ ದಿನದಿಂದ ಬಸ್ಸು ಹತ್ತುವುದನ್ನೇ ಬಿಟ್ಟರು. ಪುಕ್ಕಟೆ ಪಾಸು ಇತ್ತು, ಅದು ದೇವರ ಗೂಡಿನಂತಿದ್ದ ಒಂದು ಗೂಡಿನಲ್ಲಿ ಬುದ್ಧನ ಪಟದ ಪಕ್ಕ ಸುಮ್ಮನೆ ಒರಗಿತ್ತು. ಅವರ ಹೆಂಡತಿ ತಮಾಷೆ ಮಾಡುತ್ತಿದ್ದರು: "ಊರೂರು ಸುತ್ತಿದ್ರು, ಒಂದೂರನ್ನಾದ್ರೂ ನೋಡಿದ್ದಾರಾ ಕೇಳಮ್ಮ. ಬಸ್ ಸ್ಟ್ಯಾಂಡ್ ಬಿಟ್ರೆ ಇನ್ನೇನೂ ಗೊತ್ತಿಲ್ಲ."

ಅದಕ್ಕೆ ಅವರು ಕೊಡುತ್ತಿದ್ದ ಉತ್ತರ ನನಗೆ ಬಹಳ ಇಷ್ಟ. "ಹೊಳೆ ಸೇತುವೆ ಬಂದಾಗೆಲ್ಲ ನಾನು ಟಿಕೆಟ್ ಹರೀತಾ ಇರ್ತಿದ್ದೆ. ತಲೆ ಎತ್ತೋ ಹೊತ್ತಿಗೆ ಹೊಳೆ ಹಿಂದಕ್ಕೆ ಹೋಗಿರೋದು. ಅಷ್ಟು ವರ್ಷ ಹೊಳೆ ದಾಟಿದ್ದೀನಿ, ಹೊಳೆ ನೋಡಿಲ್ಲ."

ಹಾಗಾಗಿ ಅವರು ಹೊಳೆ ನೋಡಲು ಹೊರಟರು. ನಂದಿ ಬೆಟ್ಟದ ತಪ್ಪಲಿನಿಂದ ಉತ್ತರ ಪಿನಾಕಿನಿಯ ಜೊತೆಗೇ ನಡೆದು, ಮಂಚೇನಹಳ್ಳಿ, ಗೌರಿಬಿದನೂರು ದಾಟಿ, ವಿದುರಾಶ್ವತ್ಥದ ಅಶ್ವತ್ಥಕಟ್ಟೆ ಮುಟ್ಟುವುದು. ಸಂಕ್ರಾಂತಿ ಕಳೆದ ಮೇಲೆ, ರಾಗಿ ಕಣ ಮುಗಿದು ಅವರೆಕಾಯಿ ಇನ್ನೂ ಇರುವ ದಿನಗಳಲ್ಲಿ. ಹೊಳೆ ಎಂದರೆ ನೀರು ಎಂದು ದೂರದವರು ತಿಳಿಯಬಾರದು. ನಮ್ಮ ಕಡೆ ಹೊಳೆ ಎಂದರೆ ಮರಳು, ಜಾಲಿ, ಹೊಂಗೆ, ಅಲ್ಲಲ್ಲಿ ದನ ಕುಡಿಯುವಷ್ಟು ಕುಂಟೆ. ಆಗ ಮರಳನ್ನೂ ಲಾರಿಗಳು ಹೊತ್ತೊಯ್ಯಲು ಶುರುಮಾಡಿ, ಎಷ್ಟೋ ಕಡೆ ಆಳಾಳದ ಗುಂಡಿ ಬಿದ್ದು, ಹೊಳೆಯೊಳಗೆ ನಡೆಯಲಾಗದೆ ದಡದ ತೋಟ ಹೊಲಗಳ ಬದುವಿನ ಮೇಲೆಯೇ ಹೋಗಬೇಕಾಗಿತ್ತು.

ಮೊದಲ ವರ್ಷ ನಾವು ಆರೇಳು ಜನ. ಒಬ್ಬ ದರ್ಜಿ, ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಅವರ ಹೆಂಡತಿ, ನಾನು, ಇನ್ನು ಬೀದಿಯ ಒಂದಿಬ್ಬರು. ಕಂಡಕ್ಟರ ಕಾನೂನು ಮೂರೇ. ಒಂದು, ಡಾಂಬರು ರಸ್ತೆಯ ಮೇಲೆ ನಡೆಯುವಂತಿಲ್ಲ. ಅಡ್ಡ ಬಂದರೆ ದಾಟಬಹುದು, ಅಷ್ಟೆ. ದಾಟುವಾಗಲೂ ಕಾದ ಹೆಂಚಿನ ಮೇಲೆ ಕಾಲಿಟ್ಟವರ ಹಾಗೆ ಓಡಿ ಆಚೆ ಸೇರುತ್ತಿದ್ದರು. ಜೀವಮಾನವೆಲ್ಲ ಡಾಂಬರಿನ ಮೇಲೆ ಹೋದವನಿಗೆ ಇನ್ನಾದರೂ ಮಣ್ಣು ಸಿಗಬೇಡವೆ ಎನ್ನುತ್ತಿದ್ದರು. ಎರಡನೆಯದು, ಯಾರ ಬದುವಿನ ಮೇಲೆ ಕಾಲಿಡುವ ಮೊದಲೂ ಹೊರಗೆ ನಿಂತು ಕೂಗಿ ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಮೂರನೆಯದು, ನೆರಳಲ್ಲಿ ಕೂತದ್ದಕ್ಕೋ ಮಜ್ಜಿಗೆ ಕುಡಿದದ್ದಕ್ಕೋ ಅಲ್ಲಿ ಒಂದಿಷ್ಟು ಹೊತ್ತು ಕೆಲಸ ಮಾಡಿ ಏಳಬೇಕು. ಅವರೆಕಾಯಿ ಬಿಡಿಸುವುದು, ಮೆಣಸಿನಕಾಯಿ ಆರಿಸುವುದು, ಕಳೆ ಕೀಳುವುದು. ನಾನು ಗೊಣಗುತ್ತಿದ್ದೆ. ನಡೆಯಲು ಕರೆತಂದು ಕೂಲಿಗೆ ಹಚ್ಚುತ್ತೀರಲ್ಲ ಎಂದು. "ಸೀಟು ಸಿಕ್ಕಿದ್ ಮೇಲೆ ಗೊಣಗಬಾರದಮ್ಮ" ಎನ್ನುತ್ತಿದ್ದರು.

ಬಸ್ಸು ಅವರನ್ನು ಬಿಟ್ಟಿದ್ದರೂ ಅವರು ಬಸ್ಸನ್ನು ಬಿಟ್ಟಿರಲಿಲ್ಲ. ಹೊಂಗೆ ಮರ ಸಿಕ್ಕರೆ ಒಳ್ಳೆಯ ನೆರಳು ಹೆಂಗಸರಿಗೆ ಮೀಸಲು. ದರ್ಜಿ ಅಲ್ಲಿ ಕೂತುಬಿಟ್ಟರೆ "ಲೇಡೀಸ್ ಸೀಟು, ಏಳಪ್ಪ" ಎಂದು ಎಬ್ಬಿಸುತ್ತಿದ್ದರು. ದಾರಿ ತಪ್ಪಿದರೆ ಸತ್ತರೂ ಒಪ್ಪುತ್ತಿರಲಿಲ್ಲ. ಒಮ್ಮೆ ಸುತ್ತಿ ಸುತ್ತಿ ಬೆಳಗ್ಗೆ ನೋಡಿದ್ದ ದ್ರಾಕ್ಷಿ ಚಪ್ಪರಕ್ಕೇ ಮಧ್ಯಾಹ್ನ ಮರಳಿ ಬಂದೆವು. ಚಪ್ಪರದವನು ನಗುತ್ತ ನಿಂತಿದ್ದ. ಇವರು ಗಂಭೀರವಾಗಿ "ಡೈವರ್ಷನ್ ಇತ್ತು" ಎಂದರು. ಇನ್ನೊಂದು ವರ್ಷ ಸ್ಕಂದಗಿರಿ ಹತ್ತಿ ಇಳಿದ ಬೆಂಗಳೂರಿನ ಹುಡುಗರು ಎದುರಾಗಿ, ಎಷ್ಟು ಕಿಲೋಮೀಟರ್ ಅಂಕಲ್, ಎಷ್ಟು ಗಂಟೆಯಲ್ಲಿ ಮುಗಿಸ್ತೀರಿ ಎಂದು ಕೇಳಿದರು. "ಟೈಮಿಗೆ ಸರಿಯಾಗಿ ಹೋಗೋದನ್ನ ಬಿಟ್ಟು ಬಂದಿದ್ದೀನಪ್ಪ" ಎಂದು ಅವರಿಗೂ ಒಂದೊಂದು ಹಿಡಿ ಕಡಲೆಕಾಯಿ ಕೊಟ್ಟರು.

ಬದುವಿನ ಹೊರಗೆ ನಿಂತು ಕೂಗುವ ಆ ಪದ್ಧತಿಯ ಬೇರು ನನಗೆ ಗೊತ್ತಾದದ್ದು ಎರಡನೆಯ ವರ್ಷ. ಅವರು ಹುಟ್ಟಿದ್ದು ಆ ಹೊಳೆದಡದ ಒಂದು ಊರಿನ ಹೊರಗಿನ ಕೇರಿಯಲ್ಲಿ. ಅಪ್ಪ ಊರ ತೋಟಿ, ಊರವರ ಚಾಕರಿ ಮಾಡುವವರು. ಊರ ನಡುವಿನ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲವಂತೆ, ಹೊಲದ ಬದು ತುಳಿಯುವಂತಿರಲಿಲ್ಲವಂತೆ. ಸಂತೆಗೆ ಹೋಗಲಿ, ಸಾವಿನ ಸುದ್ದಿ ಮುಟ್ಟಿಸಲಿ, ಅಪ್ಪ ಹೊಳೆಯ ಮರಳಿನಲ್ಲೇ ಹೋಗಿ ಬರುತ್ತಿದ್ದರಂತೆ. "ಊರಿನ ದಾರಿ ನಮ್ಮದಾಗಿರಲಿಲ್ಲ. ಹೊಳೆ ದಾರಿ ನಮ್ಮದು" ಎಂದರು. ಅವರ ಮಾತಿನಲ್ಲಿ ಕಹಿ ಇರಲಿಲ್ಲ, ಆದರೆ ತಮಾಷೆಯೂ ಇರಲಿಲ್ಲ. ಅವರೇ ಓದಿ, ಕೆಲಸ ಹಿಡಿದು, ಮಕ್ಕಳನ್ನೂ ಓದಿಸಿ, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡು ತಲೆಯೆತ್ತಿ ಬಾಳಿದವರು. ಈಗ ಅವರು ಕೂಗಿ ಕೇಳುವುದು ಹೆದರಿಕೆಯಿಂದಲ್ಲ, ಮರ್ಯಾದೆಯಿಂದ. "ಬಾ" ಎಂದು ಒಳಗಿನಿಂದ ಬರುವ ಉತ್ತರವನ್ನು ಅವರು ಎಷ್ಟು ಖುಷಿಯಿಂದ ಕೇಳಿಸಿಕೊಳ್ಳುತ್ತಿದ್ದರೆಂದರೆ, ಅದಕ್ಕೇ ನಡೆಯುತ್ತಾರೇನೋ ಅನಿಸುತ್ತಿತ್ತು.

ಮಂಚೇನಹಳ್ಳಿ ದಾಟಿದ ಮೇಲೆ ಒಂದು ಹಿಪ್ಪುನೇರಳೆ ತೋಟ ಸಿಗುತ್ತಿತ್ತು. ಊರಿನ ಹೆಸರು ಬೇಡ. ಹೊಳೆಯಂಚಿನವರೆಗೂ ತೋಟ, ತೋಟದ ನಡುವೆ ರೇಷ್ಮೆಹುಳ ಸಾಕುವ ಮನೆ. ಯಜಮಾನ ಮಾತು ಕಡಿಮೆಯ ಆಳು, ತಲೆಮಾರುಗಳಿಂದ ಜಮೀನು ಮಾಡಿಕೊಂಡು ಬಂದ ಮನೆತನ. ಅವನ ಹೆಂಡತಿ ಅವನ ಪಾಲಿನ ಮಾತನ್ನೂ ತಾನೇ ಆಡುವ ಹೆಣ್ಣುಮಗಳು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ "ರಾಂಡಿ ಅಣ್ಣ, ಬನ್ನಿ ಬನ್ನಿ" ಎಂದು ನಾವು ಕೂಗುವ ಮೊದಲೇ ಕರೆಯುತ್ತಿದ್ದಳು. ಎರಡು ವರ್ಷ ಅಲ್ಲಿ ಮಜ್ಜಿಗೆ ಕುಡಿದು, ಸೊಪ್ಪು ಬಿಡಿಸಿಕೊಟ್ಟು ಹೋಗಿದ್ದೆವು. ಹುಳದ ಮನೆಯ ಒಳಗೆ ಮಾತ್ರ ಹೋಗಿರಲಿಲ್ಲ. ರೇಷ್ಮೆಹುಳ ಬಹಳ ಸೂಕ್ಷ್ಮ. ಹೊರಗಿನವರನ್ನು ಯಾರೂ ಒಳಗೆ ಬಿಡುವುದಿಲ್ಲ.

ಮೂರನೆಯ ವರ್ಷ ಅಲ್ಲಿಗೆ ಹೋದಾಗ ಯಜಮಾನ ಶಿಡ್ಲಘಟ್ಟಕ್ಕೆ ಹೋಗಿದ್ದ. ಹುಳ ನಾಲ್ಕನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬಕಾಸುರರ ಹಾಗೆ ತಿನ್ನುವ ಹೊತ್ತು. ಆಕೆ ಒಬ್ಬಳೇ ಸೊಪ್ಪು ಕಡಿದು, ಹೊತ್ತು, ಹಾಕಿ ಸುಸ್ತಾಗಿದ್ದಳು. ಕಂಡಕ್ಟರು ನೋಡಿದರು, "ಬನ್ರಪ್ಪ, ಅಮ್ಮನ ಜೊತೆ ಒಂದಿಷ್ಟು ಕೈ ಸೇರಿಸಣ" ಎಂದರು. ನಾವು ಸೊಪ್ಪು ಕಡಿದು ನಮ್ಮ ಟವಲುಗಳಲ್ಲೇ ಕಟ್ಟಿ ಹೊತ್ತು ತಂದೆವು. ಬಾಗಿಲ ಹತ್ತಿರ ಅವರು ನಿಂತುಬಿಟ್ಟರು.

"ಯಾಕಣ್ಣ ಅಲ್ಲೇ ನಿಂತ್ರಿ? ಒಳಗೆ ಬನ್ನಿ. ನೀವೇ ಹಾಕಿ" ಎಂದಳು ಆಕೆ.

ಅವರು ಚಪ್ಪಲಿ ಬಿಟ್ಟು ಒಳಗೆ ಹೋದ ರೀತಿ ನನ್ನ ಕಣ್ಣಿಗೆ ಕಟ್ಟಿದೆ. ಬಿದಿರ ತಟ್ಟೆಗಳ ಮೇಲೆ ಸೊಪ್ಪು ಹರಡಿ, ಹುಳ ತಿನ್ನುವ ಸದ್ದನ್ನು ಕೇಳುತ್ತ ಎರಡೂ ಕೈ ಹಿಂದೆ ಕಟ್ಟಿ ನಿಂತರು. ಹೊರಗೆ ಬಂದು ಬಹಳ ದೂರ ನಡೆದ ಮೇಲೆ ಹೆಂಡತಿಗೆ "ಒಳಗೆ ಕರೆದಳಲ್ಲೇ" ಎಂದಷ್ಟೇ ಹೇಳಿದರು.

ಯಾರಿಗೂ ಹೊಳೆಯದೇ ಹೋದ ಸಂಗತಿ ಒಂದಿತ್ತು. ಅಂದು ಬೆಳಗ್ಗೆ ನಾವು ಹಿಂದಿನ ಊರಿನಲ್ಲಿ ಒಂದು ಟೊಮೇಟೊ ತೋಟದಲ್ಲಿ ಗಿಡಗಳನ್ನು ಕಡ್ಡಿಗೆ ಕಟ್ಟಿಕೊಟ್ಟಿದ್ದೆವು. ಹಿಂದಿನ ಸಂಜೆಯಷ್ಟೇ ಅಲ್ಲಿ ಔಷಧಿ ಹೊಡೆದಿದ್ದರು. ಕಾಲುವೆಯಲ್ಲಿ ಕೈ ಅಲುಬಿಕೊಂಡು, ಟವಲಿಗೆ ಒರೆಸಿಕೊಂಡು ಬಂದಿದ್ದೆವು. ಅದೇ ಕೈ, ಅದೇ ಟವಲು. ಮನುಷ್ಯರಿಗೆ ಏನೂ ಆಗದಷ್ಟು ವಿಷ ರೇಷ್ಮೆಹುಳಕ್ಕೆ ಧಾರಾಳವಾಗಿ ಸಾಕು.

ನಡಿಗೆ ಮುಗಿಸಿ ಊರಿಗೆ ಬಂದ ಮೇಲೆ ಫ್ಯಾಕ್ಟರಿ ಹುಡುಗ ಸುದ್ದಿ ತಂದ. ಆ ಮನೆಯ ಹುಳ ಪೂರಾ ಸತ್ತಿದೆ. ಕಂಡಕ್ಟರು ಅಂಗಿ ಹಾಕಿಕೊಂಡು ನೇರ ಬಸ್ ಸ್ಟ್ಯಾಂಡಿಗೆ ನಡೆದರು. ನಿವೃತ್ತಿಯಾದ ಮೇಲೆ ಅವರು ಬಸ್ಸು ಹತ್ತಿದ್ದು ಅಂದೇ. ಅವರನ್ನು ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹಿಂದೆ ಹೋದೆ.

ತೋಟದಲ್ಲಿ ಗುಂಡಿ ತೋಡಿ ಸತ್ತ ಹುಳವನ್ನು ಸುರಿದಿದ್ದರು. ಯಜಮಾನ ಗುಂಡಿಯ ಹತ್ತಿರ ನಿಂತಿದ್ದ. ಊರಿನ ನಾಲ್ಕು ಜನ ಸುತ್ತ ಇದ್ದರು. ಆಕೆ ಬಾಗಿಲಲ್ಲಿ ಕೂತಿದ್ದಳು. ಕಂಡಕ್ಟರು ಹೊರಗೆ ನಿಂತೇ ಹೇಳಿದರು: "ಬೆಳಿಗ್ಗೆ ಟೊಮೇಟೊ ತೋಟದಲ್ಲಿ ಕೆಲಸ ಮಾಡಿ ಬಂದಿದ್ವಿ. ಕೈಯಲ್ಲಿ ಔಷಧಿ ಇತ್ತು. ನಾನು ಯೋಚ್ನೆ ಮಾಡ್ಲಿಲ್ಲ. ತಪ್ಪು ನನ್ದು. ಆದ ನಷ್ಟ ನಾನು ಕಟ್ಕೊಡ್ತೀನಿ."

ಯಜಮಾನ ಬೇಡ ಎನ್ನುವಂತೆ ಕೈಯಾಡಿಸಿದ. ಬಾಯಿ ತೆರೆಯಲಿಲ್ಲ. ಬಾಯಿ ತೆರೆದವನು ಪಕ್ಕದಲ್ಲಿದ್ದ ಒಬ್ಬ ಮುದುಕ. ನಮ್ಮನ್ನು ನೋಡದೆ, ಗುಂಡಿಯನ್ನು ನೋಡುತ್ತ ಅಂದ: "ಔಷಧಿ ಗಿವುಷಧಿ ಎಲ್ಲ ಆಮೇಲಿನ ಮಾತು. ಹುಳದ ಮನೆಗೆ ಯಾರ್ನ ಬಿಡ್ಬೇಕು, ಯಾರ್ನ ಬಿಡಬಾರದು ಅಂತ ದೊಡ್ಡೋರು ಸುಮ್ನೆ ಹೇಳ್ಲಿಲ್ಲ."

ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಂಡಕ್ಟರು ಯಜಮಾನನ ಮುಖವನ್ನೇ ನೋಡುತ್ತ ನಿಂತರು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಲ್ಲ ತಾತ, ಇದು ಔಷಧಿಗೇ ಸತ್ತಿದ್ದು ಎಂದು. ಹುಳ ಸಾಕಿ ಹಣ್ಣಾದವನು, ನೋಡಿದರೆ ತಿಳಿಯದೆ? ಅವನು ಗುಂಡಿಗೆ ಮಣ್ಣೆಳೆಯಲು ಶುರುಮಾಡಿದ.

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಆದರೂ ಅವರು ನಿಂತೇ ಇದ್ದರು. ನನ್ನ ಸೀಟಿನ ಕಂಬಿ ಹಿಡಿದು, ಹೊರಗೆ ನೋಡುತ್ತ ಹೇಳಿದರು: "ನಾವು ಒಳಗೆ ಹೋದ್ರೆ ಹುಳ ಸಾಯುತ್ತೆ ಅಂತ ನಮ್ಮಪ್ಪನ್ನ ಹುಳದ ಮನೆ ಬಾಗಿಲ ಹತ್ರಾನೂ ಸೇರಿಸ್ತಿರಲಿಲ್ಲ. ಸುಳ್ಳು ಅಂತ ನಾನು ಬದುಕೆಲ್ಲ ಹೇಳ್ಕೊಂಡು ಬಂದೆ. ಈಗ ಹೋದೆ, ಸತ್ತ್ವು. ಇನ್ನು ನಾನೇನು ಹೇಳಿದ್ರೂ ಯಾರು ನಂಬ್ತಾರಮ್ಮ?"

ನಾನೂ ಸೀಟು ಬಿಟ್ಟೆದ್ದು, ಅವರ ಪಕ್ಕ ಅದೇ ಕಂಬಿ ಹಿಡಿದು ಊರು ಬರುವವರೆಗೂ ನಿಂತು ಬಂದೆ.

ಮರುವರ್ಷ ಹೋದಾಗ ತೋಟಕ್ಕೆ ಹೊಳೆಯಂಚಿನವರೆಗೂ ಮುಳ್ಳುತಂತಿ ಬಿಗಿದಿತ್ತು. ಕೆಳಗೆ ಇಳಿದು ಹೋಗೋಣವೆಂದರೆ ಅಲ್ಲಿ ಲಾರಿಯವರು ಮರಳು ತೋಡಿದ ಪಾತಾಳ. ದರ್ಜಿ ಹೇಳಿದ, "ಕೂಗಿ ಕೇಳಣ ಬಿಡಿ ಕಂಡಕ್ಟ್ರೇ. ಆಯಮ್ಮ ಒಳ್ಳೇವಳು, ಬಿಟ್ಟೇ ಬಿಡ್ತಾಳೆ." ಅವರು ತಂತಿಯ ಹತ್ತಿರ ಒಂದಿಷ್ಟು ಹೊತ್ತು ನಿಂತರು. ಆಮೇಲೆ ತಿರುಗಿ, ಮೇಲಿನ ಡಾಂಬರು ರಸ್ತೆಯ ಕಡೆ ಹೊರಟರು. ನಮ್ಮ ನಡಿಗೆಯಲ್ಲಿ ಅವರು ಡಾಂಬರಿನ ಮೇಲೆ ನಡೆದದ್ದನ್ನು ನಾನು ಮೊದಲು ನೋಡಿದ್ದು ಅಂದು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ರಸ್ತೆಯಂಚಿನ ಬಿಳಿ ಗೆರೆಯ ಮೇಲೆ ತಲೆ ತಗ್ಗಿಸಿ ನಡೆದರು. ನನಗೆ ಸಂಕಟಕ್ಕಿಂತ ಸಿಟ್ಟು ಹೆಚ್ಚಾಗಿ, ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದುಬಿಟ್ಟೆ.

"ಕೇಳೋದು ಬೇರೆ, ಬೇಡೋದು ಬೇರೆ ಕಣಮ್ಮ" ಎಂದರು. "ಆ ಮುದುಕ ಅಂದ ಮಾತು ಅಲ್ಲೇ ನಿಂತಿದೆ. ಅದು ಅಲ್ಲಿರೋವಾಗ ನಾನು ಹೋಗಿ ದಾರಿ ಕೇಳಿದ್ರೆ, ಹೌದು ಸ್ವಾಮಿ ನಮ್ಮಿಂದ್ಲೇ ಸತ್ತಿದ್ದು, ಆದ್ರೂ ದೊಡ್ಡ ಮನಸ್ಸು ಮಾಡಿ ಅಂತ ಬೇಡಿದ ಹಂಗೆ. ನಮ್ಮಪ್ಪ ಬೇಡಿದ್ದು ಸಾಕು."

ನಡಿಗೆ ಬಿಡಲಿಲ್ಲ ಅವರು, ಅದೇ ನನಗೆ ಆಶ್ಚರ್ಯ. ಇನ್ನೊಬ್ಬರಾಗಿದ್ದರೆ ಬೇರೆ ಹೊಳೆ ಹಿಡಿಯುತ್ತಿದ್ದರು, ಇಲ್ಲವೆ ಮನೆಯಲ್ಲಿ ಕೂರುತ್ತಿದ್ದರು. ಇವರು ಪ್ರತಿ ಜನವರಿಯಲ್ಲೂ ಆ ತಂತಿಯವರೆಗೆ ಬಂದು, ನಿಂತು ನೋಡಿ, ಡಾಂಬರಿಗೆ ತಿರುಗುತ್ತಿದ್ದರು. ನಮ್ಮ ಜೊತೆ ಜನ ಹೆಚ್ಚಾದರು. ಹೊಸಬರು ಯಾಕೆ ಸುತ್ತು ಎಂದು ಕೇಳಿದರೆ ನಾವು ಯಾರೂ ಹೇಳುತ್ತಿರಲಿಲ್ಲ. ಒಂದು ಹೊಸ ಕಾನೂನು ಮಾತ್ರ ಸೇರಿತ್ತು. ಔಷಧಿ ಹೊಡೆದ ತೋಟದಲ್ಲಿ ಕೆಲಸ ಮಾಡುವಂತಿಲ್ಲ. ಪ್ರತಿಯೊಬ್ಬರ ಚೀಲದಲ್ಲೂ ಸೋಪು ಇರಬೇಕು. ತೋಟ ಬಿಟ್ಟು ತೋಟಕ್ಕೆ ಹೋಗುವಾಗಲೆಲ್ಲ ಮೊಣಕೈವರೆಗೆ ತೊಳೆಸುತ್ತಿದ್ದರು. ಮಕ್ಕಳ ಕೈ ನೋಡುವ ಮೇಷ್ಟರ ಹಾಗೆ ಒಬ್ಬೊಬ್ಬರ ಕೈ ತಿರುಗಿಸಿ ಮೂಸಿ ನೋಡುತ್ತಿದ್ದರು. ನಗುವವರು ನಗುತ್ತಿದ್ದರು. ನಾನು ನಗಲಿಲ್ಲ.

ತಂತಿ ಬಂದ ನಾಲ್ಕನೆಯ ವರ್ಷ ನಾವು ಹಾಗೆ ಡಾಂಬರಿನ ಮೇಲೆ ಹೋಗುತ್ತಿರುವಾಗ ಆಕೆ ರಸ್ತೆಯಲ್ಲೇ ನಿಂತಿದ್ದಳು. ಓಡಿಬಂದವಳ ಹಾಗೆ ಏದುಸಿರು.

"ಅಣ್ಣಾ, ಹುಳ ಎಲ್ಲಾ ಒಂದೇ ಸಲ ಹಣ್ಣಾಗ್ಬಿಟ್ಟಿದೆ. ಕೂಲಿಯೋರು ಯಾವ್ದೋ ಮದುವೆಗೆ ಅಂತ ಹಿಂದೂಪುರಕ್ಕೆ ಹೋಗಿದ್ದಾರೆ. ನಾನು, ನಮ್ಮನೆಯೋರು ಇಬ್ಬರೇ."

ಹುಳ ಹಣ್ಣಾಯಿತೆಂದರೆ ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿ, ನೂಲು ಬಿಡಲು ಜಾಗ ಹುಡುಕುತ್ತ ತಲೆಯೆತ್ತುತ್ತದೆ. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟಲು ಹೆಣೆದ ಬಿದಿರ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಹಾಳು ಮಾಡಿ ಕೂರುತ್ತವೆ, ಗೂಡಿಲ್ಲ, ಬೆಳೆಯಿಲ್ಲ. ಕಂಡಕ್ಟರು ನಮ್ಮ ಕಡೆ ತಿರುಗಿ "ಹೋಗ್ರಪ್ಪ, ಎಲ್ರೂ ಹೋಗಿ" ಎಂದರು. ತಾವು ರಸ್ತೆಯಂಚಿನ ಕಲ್ಲಿನ ಮೇಲೆ ಕೂರಲು ಹೊರಟರು.

"ನೀವೂ ಬನ್ನಿ" ಎಂದಳು.

"ನಾನು ಬೇಡಮ್ಮ. ಇವರು ಸಾಕು."

"ನೀವು ಬರ್ದಿದ್ರೆ ಯಾರೂ ಬೇಡ. ಹಾಳಾಗೋದಾದ್ರೆ ಹಾಳಾಗಿ ಹೋಗ್ಲಿ" ಎಂದು ಆಕೆಯೂ ರಸ್ತೆಯ ಮೇಲೇ ನಿಂತಳು. ಅತ್ತ ಹುಳ ಕಾಯುತ್ತಿತ್ತು. ಅವರು ಆಕೆಯ ಮುಖ ನೋಡಿದರು. ಚೀಲದಿಂದ ಸೋಪು ತೆಗೆದರು.

ಬೋರಿನ ತೊಟ್ಟಿಯ ಹತ್ತಿರ ಅವರು ಕೈ ತೊಳೆದದ್ದು ಎಷ್ಟು ಹೊತ್ತೋ. ಚರ್ಮ ಕೆಂಪಾಗುವವರೆಗೆ ಉಜ್ಜಿ, ಅಂಗಿ ಬಿಚ್ಚಿಟ್ಟು, ಬನಿಯನ್ನಿನಲ್ಲಿ, ಆಕೆ ಕೊಟ್ಟ ಮನೆಯ ಪಂಚೆ ಉಟ್ಟು ಒಳಗೆ ಹೋದರು. ಸಂಜೆಯವರೆಗೆ ಹುಳ ಆರಿಸಿದೆವು. ಅವರ ಬೆರಳುಗಳು ಟಿಕೆಟ್ಟು ಎಣಿಸಿ ಪಳಗಿದ ಬೆರಳುಗಳು, ಎರಡು ಹುಳ ಒಟ್ಟಿಗೆ ಬರುತ್ತಿರಲಿಲ್ಲ, ಒಂದೂ ನೋಯುತ್ತಿರಲಿಲ್ಲ. ಎದುರಿನ ಚಂದ್ರಿಕೆಯಲ್ಲಿ ಯಜಮಾನ ಇದ್ದ. ನಾನು ಮಧ್ಯೆ ಕೂತು ಬೆನ್ನು ನೋವೆಂದು ನರಳುತ್ತಿದ್ದೆ.

ಕೊನೆಯ ತಟ್ಟೆ ಖಾಲಿಯಾದಾಗ ಯಜಮಾನ ಹೊರಗೆ ಹೋದ. ಹೊಳೆ ಕಡೆಯ ತಂತಿಯ ಒಂದು ಗೂಟ ಕಿತ್ತು, ತಂತಿಯನ್ನು ಬದಿಗೆ ಎಳೆದು ಹಿಡಿದ. "ಹಿಂಗೇ ಹೋಗ್ಬಿಡಿ. ಹತ್ರ ಆಗುತ್ತೆ" ಎಂದ.

ನಾವೆಲ್ಲ ಚೀಲ ಹೆಗಲಿಗೇರಿಸಿದೆವು. ಕಂಡಕ್ಟರು ಅಲುಗಾಡಲಿಲ್ಲ.

"ಕೆಲಸ ಮಾಡಿದ್ದಕ್ಕೆ ಬದಲು ಅಂದ್ರೆ ಬೇಡಿ. ಇದು ಕೂಲಿಗಲ್ಲ ಮಾಡಿದ್ದು" ಎಂದರು. "ನೀವು ತಂತಿ ಹಾಕಿದ್ದು ಯಾಕೆ ಅಂತ ನಂಗೊತ್ತು. ಆ ಹುಳ ಯಾಕೆ ಸತ್ತ್ವು ಅಂತ ನಿಮ್ಗೂ ಗೊತ್ತು. ಅದನ್ನ ನಿಮ್ಮೂರೋರ ಮುಂದೆ ಹೇಳಿ. ಆಮೇಲೆ ನಾನೇ ಬಂದು ದಾರಿ ಕೇಳ್ತೀನಿ."

ಅವನು ತಂತಿ ಹಿಡಿದೇ ನಿಂತಿದ್ದ. ನಾವು ಮತ್ತೆ ಡಾಂಬರಿಗೆ ಬಂದೆವು. ಹೊತ್ತು ಮುಳುಗುತ್ತಿತ್ತು, ಕಾಲು ಸೋತಿತ್ತು, ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಹಟಮಾರಿ ಎಂದೆ, ಬೆಣ್ಣೆ ಕೈಗೆ ಬಂದಾಗ ಗಡಿಗೆ ಒಡೆದವರು ಎಂದೆ. ಅವರು ನಕ್ಕರು. "ಬೈಯಮ್ಮ ಬೈಯಿ. ನಡೆಯೋದಕ್ಕೆ ಜೋರು ಬರುತ್ತೆ" ಎಂದರು. ಬೈಯುತ್ತಲೇ ನನಗೆ ಅವರ ಮೇಲೆ ಗೌರವ ಹೆಚ್ಚುತ್ತಿತ್ತು, ಅದಕ್ಕೇ ಇನ್ನಷ್ಟು ಬೈದೆ. ಆ ಬಾರಿ ಗೂಡು ಚೆನ್ನಾಗಿ ಬಂತೆಂದು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಕೈಯಲ್ಲಿ ಹಿಡಿದು ಮೆಚ್ಚಿದರೆಂದು ಆಮೇಲೆ ಫ್ಯಾಕ್ಟರಿ ಹುಡುಗ ಹೇಳಿದ. ಕಂಡಕ್ಟರು ಕಂಬಕ್ಕೆ ಒರಗಿ ಕೇಳಿಸಿಕೊಂಡರು. "ಬದುಕಿದ್ವಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ಮುಂದೆ ಅವರ ಮೊಣಕಾಲು ಕೈಕೊಟ್ಟು, ನಡಿಗೆಯೆಂಬುದು ಜಗಲಿಯಿಂದ ಬೀದಿಯ ತುದಿಯವರೆಗೆ ಎಂದಾಯಿತು. ಆದರೆ ಅದಕ್ಕೆ ಮುಂಚೆ ಇನ್ನೊಂದು ಜನವರಿ ಇತ್ತು. ಅದನ್ನು ಹೇಳದೆ ಅವರ ಚಿತ್ರ ಮುಗಿಯುವುದಿಲ್ಲ.

ಆ ಸಲ ನಾವು ತಂತಿಯ ಹತ್ತಿರ ಬರುವಷ್ಟರಲ್ಲಿ ಅಲ್ಲಿ ಜನ ನಿಂತಿದ್ದರು. ಯಜಮಾನ, ಅವನ ಹೆಂಡತಿ, ಊರಿನ ಕೆಲವರು. ಆ ಮುದುಕನೂ ಕೋಲು ಊರಿಕೊಂಡು ನಿಂತಿದ್ದ. ಯಾಕೆ ಕರೆಸಿದ್ದಾರೆಂದು ಊರವರಿಗೂ ತಿಳಿದಂತಿರಲಿಲ್ಲ. ಆಕೆ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದಳು: "ಆ ಮಾತು ಹೇಳೋ ತನಕ ಈ ಮನೇಲಿ ನಾನು ಹುಳ ಮುಟ್ಟಲ್ಲ ಅಂದೆ ಅಕ್ಕ. ಇವರು ಎರಡು ಬೆಳೆ ಸುಮ್ನೆ ಕೂತ್ರು. ಹೋದ ವಾರ ಒಪ್ಕೊಂಡ್ರು."

ಯಜಮಾನನಿಗೆ ಮಾತು ಬರುವುದೇ ಕಷ್ಟ. ತಂತಿಯ ಒಳಗೆ ನಿಂತು, ಊರವರ ಕಡೆ ಮುಖ ಮಾಡಿ, ನೆಲ ನೋಡುತ್ತ ಹೇಳಿದ: "ಅವತ್ತು ನಾನು ಬಂದಾಗ ಹುಳ ತಲೆ ಎತ್ತಿ ಹಸಿರು ನೀರು ಕಕ್ಕುತ್ತಾ ಇದ್ವು. ಔಷಧಿ ತಗುಲಿದ್ರೇನೇ ಹಂಗೆ ಮಾಡೋದು. ಟೊಮೇಟೊ ಔಷಧಿ. ಇವರಲ್ದೆ ನಾನೇ ಆ ಕೈಯಲ್ಲಿ ಸೊಪ್ಪು ಹಾಕಿದ್ರೂ ಸಾಯ್ತಿದ್ವು. ನಂಗೆ ಅವತ್ತೇ ಗೊತ್ತಿತ್ತು. ನೀವೆಲ್ಲ ಬೇರೆ ಮಾತಾಡಿದ್ರಿ. ನಾನು ಸುಮ್ನಿದ್ದೆ. ನಿಮ್ಮ ಬಾಯಿಗೆ ಹೆದರಿ ತಂತಿ ಹಾಕ್ದೆ."

ಮುದುಕ ಹೆಗಲ ಮೇಲಿನ ಟವಲು ಸರಿ ಮಾಡಿಕೊಂಡು ಹೊಳೆಯ ಕಡೆ ನೋಡತೊಡಗಿದ. ಕಂಡಕ್ಟರ ಮುಖದಲ್ಲಿ ನಾನು ಸಂತೋಷ ಹುಡುಕಿದೆ. ಇರಲಿಲ್ಲ. ದವಡೆ ಬಿಗಿದಿತ್ತು, ಕಣ್ಣು ತುಂಬಿತ್ತು.

"ಅವತ್ತೇ ಗೊತ್ತಿತ್ತಾ ನಿಂಗೆ?" ಎಂದರು. ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಗೊತ್ತಿತ್ತು."

"ಅವತ್ತೇ ಹೇಳ್ಬೇಕಾಗಿತ್ತು ಕಣಪ್ಪ."

"ಹೇಳ್ಬೇಕಾಗಿತ್ತು" ಎಂದ ಅವನು.

ಅವರು ಕಣ್ಣೊರೆಸಿಕೊಂಡರು. ಕೂಗಲಿಲ್ಲ, ಪಕ್ಕದಲ್ಲಿರುವವನನ್ನು ಕೇಳುವ ದನಿಯಲ್ಲೇ ಕೇಳಿದರು. "ಹಂಗಾದ್ರೆ ಈಗ ಕೇಳ್ತೀನಿ. ದಾರಿ ಬಿಡ್ತೀಯೇನಪ್ಪ?"

ಅವನು ತಂತಿ ಸರಿಸಿ ಬದಿಗೆ ನಿಂತ. ಆಕೆ ಸೆರಗಿನಿಂದ ಮುಖ ಒರೆಸುತ್ತ ಮುಂದೆ ಬಂದು, "ಒಳಗೆ ಬಂದು ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ ಅಣ್ಣ" ಎಂದಳು. ಅವರು ಆಕೆಯ ತಲೆಯ ಮೇಲೆ ಕೈಯಿಟ್ಟರು.

"ಇನ್ನೊಂದು ದಿನ ಬರ್ತೀನಮ್ಮ. ಇವತ್ತಿಗೆ ದಾರಿ ಸಾಕು" ಎಂದು ಬದುವಿನ ಮೇಲೆ ಕಾಲಿಟ್ಟರು. ಆ ಊರಿನವರೆಲ್ಲ ನೋಡುತ್ತಿದ್ದಂತೆ ನಿಧಾನವಾಗಿ ನಡೆದರು. ನಾನು ಅಳುತ್ತ, ಅವರನ್ನು ದಾಟಿ ಹೋಗದ ಹಾಗೆ ಹಿಂದೆಯೇ ನಡೆದೆ.